ಕಂಕುಳಲ್ಲಿ ಒತ್ತಿಹಿಡಿದ ಬಲಗೈ

ಅವರನ್ನು ನಾನು ಮೊದಲ ಸಲ ನೋಡಿದ್ದೇ ಒಬ್ಬನ ಕಪಾಳಕ್ಕೆ ಬಾರಿಸುವಾಗ.

ವಡೋದರಾದ ಗೋರ್ವಾದಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಕುಂದಾಪುರದ ಕಡೆಯಿಂದ ಬಂದು ಇಲ್ಲಿ ಇಡ್ಲಿ, ದೋಸೆ ಮಾರಿ ಬದುಕುವವರು ನಾವು. ಒಳಗೆ ಒಲೆಯ ಹತ್ತಿರ ನಮ್ಮವರು, ಹೊರಗೆ ಗಲ್ಲಾದಲ್ಲಿ ನಾನು. ಅವತ್ತು ಬೆಳಗ್ಗೆ ಒಬ್ಬ ಗಿರಾಕಿ ಸಾಂಬಾರು ತಣ್ಣಗಾಗಿದೆ ಎಂದು ಕೂಗಾಡಿ, ಬಟ್ಟಲನ್ನೆತ್ತಿ ನಮ್ಮ ಹಳೆಯ ಸಪ್ಲೈಯರ್ ಅಜ್ಜನ ಮುಖಕ್ಕೆ ಎರಚಿದ. ಸಾಂಬಾರು ತಣ್ಣಗಾಗಿರಲಿಲ್ಲ. ಅಜ್ಜ ಮುಖ ಮುಚ್ಚಿಕೊಂಡು ನೆಲಕ್ಕೆ ಕುಸಿದರು. ನಾನು ಗಲ್ಲಾದಿಂದ ಇಳಿಯುವಷ್ಟರಲ್ಲಿ ಮೂಲೆಯ ಮೇಜಿನಿಂದ ಒಬ್ಬ ಎತ್ತರದ ಮನುಷ್ಯ ಎದ್ದು ಬಂದು ಗಿರಾಕಿಯ ಕೆನ್ನೆಗೆ ಬಿಟ್ಟರು. ಗಿರಾಕಿ ಪಕ್ಕದ ಮೇಜಿನ ಮೇಲೆ ಬಿದ್ದ. ಲೋಟಗಳೆಲ್ಲ ಉರುಳಿದವು. ತುಟಿ ಒಡೆದು ರಕ್ತ ಬಂತು. "ಅರೆ ಭಾಯ್, ಅರೆ ಭಾಯ್" ಎನ್ನುತ್ತ ಜನ ನಡುವೆ ಬಂದರು. ನಮ್ಮವರು ಒಳಗಿಂದ ಓಡಿಬಂದು, "ಹೋಟ್ಲಲ್ಲಿ ಗಲಾಟೆ ಬೇಡ ಮಾರಾಯ್ರೆ" ಎಂದು ಎಲ್ಲರಿಗೂ ಕೈ ಮುಗಿದರು. ನನಗೆ ಮಾತ್ರ, ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು.

ಹೊಡೆದವರು ನೇರ ಬೇಸಿನ್ನಿಗೆ ಹೋಗಿ ಬಲಗೈಯನ್ನು ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದರು. ತೊಳೆದ ಕೈಯನ್ನು ಎಡಗಂಕುಳಲ್ಲಿ ತುರುಕಿಕೊಂಡು, ಅದು ಮತ್ತೆ ಹಾರಿಹೋದೀತು ಎಂಬಂತೆ ಒತ್ತಿಹಿಡಿದು ನಿಂತರು. ಆಮೇಲೆ ಮುಖಕ್ಕೆ ತಣ್ಣೀರು ಹಾಕಿಕೊಳ್ಳುತ್ತಿದ್ದ ಅಜ್ಜನ ಹತ್ತಿರ ಹೋಗಿ, ಹೆಗಲ ಚೀಲದಿಂದ ಕ್ಯಾಮೆರಾ ತೆಗೆದು ಅವರ ಕೈಗೇ ಕೊಟ್ಟರು.

"ಅಜ್ಜಾರ, ನಿಮ್ದೊಂದು ಫೋಟೋ ತಗೀಬೇಕಂತ ಆಸೆ ಐತಿ. ಆದ್ರ ಮೊದಲ ನೀವು ನಂದು ತಗೀರಿ."

ಆ ಧಾರವಾಡದ ಕನ್ನಡ ಕಿವಿಗೆ ಬಿದ್ದಾಗಲೇ ನಮ್ಮ ಭಾಷೆಯವರು ಎಂದು ಗೊತ್ತಾದದ್ದು. ಅಜ್ಜ ಒದ್ದೆ ಕೈಯಲ್ಲೇ ಗುಂಡಿ ಒತ್ತಿದರು. ಇವರು ನೆಟ್ಟಗೆ ಕೂತು ತೆಗೆಸಿಕೊಂಡು, ಆಮೇಲೆ ಅದೇ ಕುರ್ಚಿಯಲ್ಲಿ ಅಜ್ಜನನ್ನು ಕೂರಿಸಿ ತೆಗೆದರು.

ಅವರ ಹೆಸರು ಬರೆಯುವುದಿಲ್ಲ. ತಾವು ತೆಗೆದ ಒಂದು ಚಿತ್ರದ ಕೆಳಗೂ ಅವರು ಹೆಸರು ಹಾಕಿಕೊಂಡವರಲ್ಲ, ನಾನು ಹಾಕಿದರೆ ಮೇಲಿಂದಲೇ ಬೈದಾರು. ನಮ್ಮ ಹೋಟೆಲಿನಲ್ಲಿ ಅವರು 'ಫೋಟೋದವರು', ಅಷ್ಟೆ. ಯಾರ ಕೈಕೆಳಗೂ ಕೆಲಸ ಮಾಡಿದ ಮನುಷ್ಯನಲ್ಲ. ಅವರ ಸಿಟ್ಟಿಗೆ ಯಾರೂ ಕೆಲಸ ಕೊಡುತ್ತಲೂ ಇರಲಿಲ್ಲ. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಬಿಲ್ಡರುಗಳ ಹೊಸ ಫ್ಲ್ಯಾಟು, ಸೂರತ್‌ನಲ್ಲಿ ಸೀರೆಯ ಕೆಟಲಾಗು, ನಮ್ಮ ವಡೋದರಾದಲ್ಲಿ ಮದುವೆ, ಸೀಮಂತ, ಕೊಯಾಲಿಯ ರಿಫೈನರಿ ಕಡೆ ಕೆಲಸಕ್ಕೆ ಹೋಗುವವರಿಗೆ ಗೇಟ್‌ಪಾಸಿನ ಪಾಸ್‌ಪೋರ್ಟ್ ಸೈಜು. ಇದೆಲ್ಲ 'ಹೊಟ್ಟೀದು'. ಇನ್ನೊಂದು ಕೆಲಸವಿತ್ತು, ಅದನ್ನು ಅವರು 'ನಂದು' ಎನ್ನುತ್ತಿದ್ದರು. ಪೆಟ್ಟು ತಿಂದವರ ಮುಖ ತೆಗೆಯುವುದು.

ಗಂಡ ಹೊಡೆದವರು, ಮೇಷ್ಟರು ಹೊಡೆದವರು, ಪೊಲೀಸರು ಹೊಡೆದವರು, ಬಡ್ಡಿಯವರು ಹೊಡೆದವರು. ಸೂರತ್‌ನಲ್ಲಿ ಮಗ್ಗದ ಬೆಲ್ಟಿಗೆ ಸಿಕ್ಕಿ ಬೆರಳು ಕಳೆದುಕೊಂಡವನೊಬ್ಬನಿದ್ದನಂತೆ. ಬೆರಳು ಹೋದದ್ದಕ್ಕಲ್ಲ, ಮಗ್ಗ ನಿಲ್ಲಿಸಿದ್ದಕ್ಕೆ ಮೇಸ್ತ್ರಿ ಅವನಿಗೆ ಒದ್ದಿದ್ದ. ಆ ಮನುಷ್ಯ ಉಳಿದ ಕೈಯಲ್ಲಿ ಕ್ಯಾಮೆರಾ ಹಿಡಿದು ಇವರ ಫೋಟೋ ತೆಗೆದ. ಚಿತ್ರದಲ್ಲಿ ಇವರ ಕುತ್ತಿಗೆಯಿಂದ ಕೆಳಗೆ ಮಾತ್ರ ಬಂತು. "ಚೊಲೊ ಬಂದೈತಿ" ಎಂದು ಅದನ್ನೂ ಇಟ್ಟುಕೊಂಡರು.

"ಎಂಥಕ್ಕೆ ನಿಮಗೆ ಈ ಉಸಾಬರಿ?" ಎಂದು ಒಮ್ಮೆ ಕೇಳಿದೆ. "ನಾಲ್ಕು ಚಂದದ ಮುಖ ತೆಗ್ದು ಗೋಡೆಗೆ ಹಾಕ್ಲಿಕ್ಕೆ ಆಗುದಿಲ್ವಾ?"

"ಹೊಡದವರ ಫೋಟೋ ಎಲ್ಲಾ ಕಡೆ ಇರ್ತದ್ರಿ ಅಕ್ಕಾರ. ಮನಿ ಗೋಡೆ ಮ್ಯಾಲ ಇರ್ತದ, ಸರ್ಕಲ್‌ನಾಗ ಬ್ಯಾನರ್ ಮ್ಯಾಲ ಇರ್ತದ, ಹಾರಾನೂ ಹಾಕಿರ್ತಾರ. ಹೊಡಸ್ಕೊಂಡವರದು ಎಲ್ಲೈತಿ ಹೇಳ್ರಿ?"

ಎಡಹುಬ್ಬಿನ ನಡುವೆ ಅವರಿಗೊಂದು ಸೀಳಿತ್ತು, ಅಲ್ಲಿ ಕೂದಲು ಹುಟ್ಟುತ್ತಿರಲಿಲ್ಲ. ಅಪ್ಪನ ಬೆಲ್ಟಿನ ಬಕಲ್ ಮಾಡಿದ ಗಾಯ. ಅಪ್ಪನ ಫೋಟೋ ಇಲ್ಲವೇ ಎಂದು ನಮ್ಮವರು ಕೇಳಿದಾಗ ಹುಬ್ಬನ್ನು ಮುಟ್ಟಿ ತೋರಿಸಿ, "ಇದೊಂದ ಐತ್ರಿ ಅಪ್ಪಂದು" ಎಂದು ನಕ್ಕರು. ನಮ್ಮವರು ಕಾಫಿ ತರುವ ನೆಪದಲ್ಲಿ ಒಳಗೆ ಹೋದರು.

ಅಪ್ಪನ ಕೈಯೇ ತನಗೂ ಬಂದಿದೆ ಎಂಬ ಹೆದರಿಕೆ ಅವರಿಗೆ ಜೀವಮಾನವಿಡೀ ಇತ್ತು, ಹಾಗೆ ಹೆದರಿದ್ದರಲ್ಲಿ ತಪ್ಪೂ ಇರಲಿಲ್ಲ. ಅಹಮದಾಬಾದಿನ ಒಂದು ಮದುವೆಯಲ್ಲಿ ಮದುಮಗಳ ತೋಳಿನ ಮೇಲೆ, ಮೆಹಂದಿ ಮುಗಿಯುವಲ್ಲಿ, ಯಾರೋ ಬಿಗಿಯಾಗಿ ಹಿಡಿದ ಬೆರಳುಗಳ ನೀಲಿ ಗುರುತು ಕಂಡಿತಂತೆ. "ಅದು ಬರದಂಗೆ ತೆಗಿ" ಎಂದ ಅವಳ ಅಣ್ಣ. ಇವರು ಸ್ಟ್ಯಾಂಡ್ ಸಮೇತ ದೊಡ್ಡ ಲೈಟನ್ನು ಎತ್ತಿ ಅವನ ಮೇಲೆ ಹಾಕಿದರು. ಅವನ ಹೆಗಲ ಮೂಳೆ ಬಿರಿಯಿತು, ಇವರನ್ನು ಮದುವೆಯವರೆಲ್ಲ ಸೇರಿ ತುಳಿದರು. ಒಡೆದ ಮುಖ ಹೊತ್ತುಕೊಂಡೇ ನಮ್ಮಲ್ಲಿ ಬಂದು ಇಡ್ಲಿ ತಿಂದರು. ಆ ಹುಡುಗಿಗೆ ಇದರಿಂದ ಏನು ಸಿಕ್ಕಿತು ಎಂದು ನಾನು ಕೇಳಿದೆ. "ಏನೂ ಇಲ್ರಿ" ಎಂದು ಕೈಯನ್ನು ಕಂಕುಳಿಗೆ ಸೇರಿಸಿದರು.

ಸಾಂಬಾರು ಎರಚಿದವನ ಕತೆಯೂ ಮುಗಿದಿರಲಿಲ್ಲ. ಅವನು ಇದೇ ಏರಿಯಾದ ಆಟೋದವನು. ಫೋಟೋದವರು ಅವನನ್ನು ಹುಡುಕಿಕೊಂಡು ಸ್ಟ್ಯಾಂಡಿಗೆ ಹೋಗಿ, ಕ್ಯಾಮೆರಾ ಕೈಗೆ ಕೊಟ್ಟು, "ನಾನು ನಿನಗ ಹೊಡದೀನಿ, ಈಗ ನೀನೂ ಹೊಡಸ್ಕೊಂಡವರ ಪೈಕಿ, ಕೂಡು" ಎಂದು ಹಿಂದಿಯಲ್ಲಿ ಹೇಳಿದರಂತೆ. ಅವನು ಮೊದಲು ಹೆದರಿ, ಆಮೇಲೆ ನಕ್ಕು, ಒಡೆದ ತುಟಿ ತೋರಿಸಿಕೊಂಡು ಕೂತ. ತಮ್ಮ ಸಂಗ್ರಹದಲ್ಲಿ ಆ ಫೋಟೋ ನಮ್ಮ ಅಜ್ಜನ ಫೋಟೋದ ಪಕ್ಕದಲ್ಲೇ ಇರಬೇಕು ಎಂಬುದು ಅವರ ಹಟ. ನನಗದು ಇವತ್ತಿಗೂ ಸರಿಕಾಣುವುದಿಲ್ಲ.

ಅವರಿಗೆ ಎರಡು ನಿಯಮ. ಒಂದು ಆಗಲೇ ಹೇಳಿದ್ದು: ಮೊದಲು ಅವರು ಕೂರಬೇಕು, ಎದುರಿನವರು ತೆಗೆಯಬೇಕು. "ಕ್ಯಾಮೆರಾ ಮುಂದ ಕೂಡೋದೂ ಒಂದ್ ನಮೂನಿ ಹೊಡಸ್ಕೊಂಡಂಗ ರಿ, ಮೊದಲ ನಾ ಹೊಡಸ್ಕೊಂತೀನಿ" ಎನ್ನುವರು. ಎರಡನೆಯದು: ತೆಗೆದ ಚಿತ್ರ ತೋರಿಸಿ 'ಇರಲೋ, ಅಳಿಸಲೋ' ಎಂದು ಕೇಳಬೇಕು. ಅಳಿಸಿ ಎಂದರೆ ಅವರ ಕಣ್ಣೆದುರಿಗೇ ಅಳಿಸಬೇಕು. ಈ ಎರಡನೆಯ ನಿಯಮದ ಮೇಲೆಯೇ ನನಗೂ ಅವರಿಗೂ ದೊಡ್ಡ ಜಗಳವಾದದ್ದು.

ನಮ್ಮಲ್ಲಿ ಹಿಟ್ಟು ರುಬ್ಬಲಿಕ್ಕೆ, ಪಾತ್ರೆಗೆ ಗುಲಾಬಿ ಎಂಬವಳಿದ್ದಳು. ನಮ್ಮ ಊರಿನ ಕಡೆಯವಳೇ. ಗಂಡ ಕೊಯಾಲಿಯ ಕಡೆ ಒಬ್ಬ ಕಂತ್ರಾಟುದಾರನ ಕೆಳಗೆ ಪೈಪು ಜೋಡಿಸುವವನು. ಕುಡಿದರೂ ಹೊಡೆಯುತ್ತಿದ್ದ, ಕುಡಿಯದಿದ್ದರೂ ಹೊಡೆಯುತ್ತಿದ್ದ. ಒಂದು ಬೆಳಗ್ಗೆ ಅವಳು ಸೆರಗು ಮುಚ್ಚಿಕೊಂಡು ಬಂದಳು. ಸೆರಗು ಸರಿಸಿ ನೋಡಿದರೆ ಬಲಗೆನ್ನೆ ಒಳಗೆ ಕುಸಿದಿದೆ, ಕಣ್ಣು ಮುಚ್ಚಿಹೋಗಿದೆ, ಬಾಯಿ ತೆರೆಯಲಾಗುವುದಿಲ್ಲ. ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅಲ್ಲಿ ಅವಳು ಬಾತ್‌ರೂಮಿನಲ್ಲಿ ಜಾರಿ ಬಿದ್ದೆ ಎಂದಳು, ಅವರು ಹಾಗೇ ಬರೆದುಕೊಂಡರು.

ವಾಪಸು ಬಂದಾಗ ಫೋಟೋದವರು ಕೂತಿದ್ದರು. ಹಿಂದಿನ ಅಂಗಳದಲ್ಲಿ, ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ, ಅವಳ ಕೈಗೆ ಕ್ಯಾಮೆರಾ ಕೊಟ್ಟು ತಾವು ಕೂತರು. ಅವಳು ತೆಗೆದಳು. ಆಮೇಲೆ, ನನಗೆ ಆಶ್ಚರ್ಯವಾಗುವಂತೆ, ಸೆರಗು ತೆಗೆದು ಅವಳೂ ಕೂತಳು. ಅವರು ತೆಗೆದ ಚಿತ್ರವನ್ನು ಕ್ಯಾಮೆರಾದಲ್ಲೇ ನಾನೂ ನೋಡಿದೆ. ಮುರಿದ ಕೆನ್ನೆ, ಮುಚ್ಚಿದ ಒಂದು ಕಣ್ಣು, ಇನ್ನೊಂದು ಕಣ್ಣು ನೇರ ನಮ್ಮನ್ನೇ ನೋಡುವುದು. ಅಂಥ ಚಿತ್ರ ಅವರು ಮತ್ತೆ ತೆಗೆಯಲಿಲ್ಲ.

"ಇರ್ಲೇನವಾ, ಅಳಸ್ಲೇನು?"

"ಅಳ್ಸಿ" ಎಂದಳು ಗುಲಾಬಿ.

ಅಳಿಸಿದರು. ಇನ್ನೊಮ್ಮೆ ಯೋಚಿಸು ಎಂಬ ಉಪದೇಶ ಮಾಡಲಿಲ್ಲ.

ಆ ಸಂಜೆ ಗಂಡ ಹೋಟೆಲಿಗೆ ಬಂದು ಅವಳ ಜುಟ್ಟು ಹಿಡಿದು ಬೀದಿಗೆ ಎಳೆದಾಗ ನಾನು ಪೊಲೀಸರನ್ನು ಕರೆದೆ. ಅವನು ಕೈಕಟ್ಟಿ ನಿಂತು, ಜಾರಿ ಬಿದ್ದದ್ದು ಸಾಹೇಬರೆ ಎಂದ. ಡಾಕ್ಟರ ಚೀಟಿಯೂ ಅದನ್ನೇ ಹೇಳಿತು. ಗುಲಾಬಿ ನೆಲ ನೋಡಿದಳು. "ಕೋಯೀ ಸಬೂತ್ ಹೈ?" ಎಂದು ಕೇಳಿದ ಪೊಲೀಸ್, ಪುರಾವೆ ಏನೂ ಇಲ್ಲ ಎಂದ ಮೇಲೆ ಚಹಾ ಕುಡಿದು ಹೋದ. ಮರುದಿನ ಫೋಟೋದವರು ಬಂದಾಗ ನಾನು ಗಲ್ಲಾದಿಂದಲೇ ಶುರುಮಾಡಿದೆ.

"ಎಂಥ ಮನುಷ್ಯ ಮಾರಾಯ್ರೆ ನೀವು? ಆ ಒಂದು ಫೋಟೋ ಇದ್ದಿದ್ರೆ ಅವ ಇವತ್ತು ಒಳಗಿರ್ತಿದ್ದ! ನಿಮ್ಮ ನೇಮಕ್ಕೆ ಬೆಂಕಿ ಬೀಳ!"

"ಆಕಿ ಮುಖ ಆಕಿದು ರಿ ಅಕ್ಕಾರ. ನಂದಲ್ಲ, ನಿಮ್ದಲ್ಲ, ಪೊಲೀಸರದೂ ಅಲ್ಲ."

"ನಾಳೆ ಅವ ಕೊಂದು ಹಾಕಿದ್ರೆ?"

ಅವರು ಬಲಗೈಯನ್ನು ಕಂಕುಳಿಗೆ ಸೇರಿಸಿದರು. "ಆಕಿ ಹೂಂ ಅನ್ನೋತನಕ ಆಕಿನ್ನ ಬದುಕಿಸ್ಬೇಕು, ಅಷ್ಟ" ಎಂದರು.

ಅದಕ್ಕೆ ದಾರಿ ನಮ್ಮವರು ಹುಡುಕಿದರು. ಗುಜರಾತಿನಲ್ಲಿ ನಮ್ಮ ಕಡೆಯ ಹೋಟೆಲಿನವರು ಒಬ್ಬರ ಅಡುಗೆಮನೆಯಿಂದ ಇನ್ನೊಬ್ಬರ ಅಡುಗೆಮನೆಗೆ ಆಳು ಕಳಿಸುವುದು ಹೊಸತಲ್ಲ. ಸೂರತ್‌ನ ಸೀರೆ ಮಾರ್ಕೆಟ್ಟಿನ ಹತ್ತಿರ ನಮ್ಮವರ ಭಾವನ ಹೋಟೆಲಿದೆ. ಗಂಡ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಗುಲಾಬಿಯನ್ನು ರೈಲು ಹತ್ತಿಸಿದೆವು. ಅವಳೆಲ್ಲಿದ್ದಾಳೆ ಎಂದು ನಮಗೆ ಬಿಟ್ಟರೆ ಫೋಟೋದವರಿಗೆ ಮಾತ್ರ ಗೊತ್ತು. ಕೆಟಲಾಗಿನ ಕೆಲಸಕ್ಕೆ ಸೂರತ್‌ಗೆ ಹೋದಾಗಲೆಲ್ಲ ಅವಳನ್ನು ನೋಡಿಬರುತ್ತಿದ್ದರು. ಅಲ್ಲಿಯೂ ಅವಳು ಅವರದೊಂದು ತೆಗೆದಳು, ತಾನೂ ಕೂತಳು, ನೋಡಿ ಮತ್ತೆ ಅಳಿಸಿ ಎಂದಳು.

ತಪ್ಪಾದದ್ದು ಅವರ ಪ್ರೀತಿಯಿಂದಲೇ. ಗುಲಾಬಿ ಸೂರತ್‌ನಲ್ಲಿ ತೆಗೆದ ತಮ್ಮ ಚಿತ್ರ ಅವರಿಗೆ ಎಷ್ಟು ಹಿಡಿಸಿತೆಂದರೆ, ಅದನ್ನೇ ವಾಟ್ಸಾಪಿನ ಡಿಪಿ ಮಾಡಿಕೊಂಡರು. ಬೇರೆಯವರ ಮುಖ ಕಾಯುವುದರಲ್ಲಿ ಅಷ್ಟು ಹುಷಾರಿದ್ದ ಮನುಷ್ಯನಿಗೆ ತನ್ನ ತಲೆಯ ಹಿಂದೆ ಏನಿದೆ ಎಂದು ನೋಡಲು ಹೊಳೆಯಲಿಲ್ಲ. ಹಿಂದೆ ಭಾವನ ಹೋಟೆಲಿನ ಬೋರ್ಡು, ಮಾರ್ಕೆಟ್ಟಿನ ಹೆಸರಿನ ಸಮೇತ. ಗುಲಾಬಿಯ ಗಂಡ ಹಿಂದೆ ಗೇಟ್‌ಪಾಸಿಗೆ ಇವರ ಹತ್ತಿರವೇ ಫೋಟೋ ತೆಗೆಸಿದ್ದವನು, ನಂಬರು ಅವನ ಮೊಬೈಲಿನಲ್ಲಿತ್ತು.

ಒಂದು ಬೆಳಗ್ಗೆ ಸೂರತ್‌ನಿಂದ ಭಾವನ ಫೋನು. "ಯಾರೋ ಒಬ್ಬ ನಿನ್ನೆ ಬಂದು ಗುಲಾಬಿ ಉಂಟಾ ಕೇಳಿದ. ಇಲ್ಲ ಅಂದೆ. ಡಿಪಿ ತೋರ್ಸಿದ. ಪುನಃ ಬರ್ತೆ ಅಂತ ಹೇಳಿ ಹೋದ." ಫೋಟೋದವರು ನಮ್ಮಲ್ಲಿಯೇ ಕಾಫಿ ಕುಡಿಯುತ್ತಿದ್ದರು. ಡಿಪಿ ಎಂಬ ಮಾತು ಕೇಳಿದ್ದೇ ಮೊಬೈಲು ತೆರೆದು ನೋಡಿಕೊಂಡರು. ಆಮೇಲೆ ಅದೇ ಮೊಬೈಲಿನಿಂದ ತಮ್ಮ ಹಣೆಗೆ ರಪರಪನೆ ಹೊಡೆದುಕೊಂಡರು. ನಾನು ಕೈ ಹಿಡಿದು ನಿಲ್ಲಿಸಬೇಕಾಯಿತು. ಸಿಕ್ಕಿದ ರೈಲು ಹತ್ತಿ ಇಬ್ಬರೂ ಸೂರತ್‌ಗೆ ಹೊರಟೆವು, ಅವಳನ್ನು ಬೇರೆ ಕಡೆ ಸಾಗಿಸಲು.

ಹೋದಾಗ ಗುಲಾಬಿ ಹೋಟೆಲಿನ ಹಿಂಬದಿಯ ಉಗ್ರಾಣದಲ್ಲಿ ಬಟ್ಟೆಯ ಗಂಟು ಹಿಡಿದು ಕೂತಿದ್ದಳು. ಹೊರಗೆ ಸದ್ದಾದಾಗಲೆಲ್ಲ ಗಂಟನ್ನು ಎದೆಗೆ ಅವುಚಿಕೊಳ್ಳುತ್ತಿದ್ದಳು. ಭಾವ ಆಟೋ ತರಲು ಹೋದ. ಅವಳ ಹೆದರಿಕೆ ನೋಡಲಾಗದೆ ಫೋಟೋದವರು ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟು, ಈರುಳ್ಳಿಯ ಕ್ರೇಟು ಬೋರಲು ಹಾಕಿ ಕೂತು, "ತಗಿಯವಾ ನಂದೊಂದು, ಈ ಮಾರಿ ನೋಡಿ ನಗು ಬರ್ತದ" ಎಂದರು. ಅವಳು ತೆಗೆದಳು. ಅಷ್ಟರಲ್ಲಿ ಬಾಗಿಲಲ್ಲಿ ಅವಳ ಗಂಡ ನಿಂತಿದ್ದ, ಕೈಯಲ್ಲಿ ಪೈಪು ಬಿಗಿಯುವ ಕಬ್ಬಿಣದ ರೆಂಚು.

ಅವನು ಗುಲಾಬಿಯ ಕಡೆಗೇ ನುಗ್ಗಿದ್ದು. ಇವರು ಎದ್ದು ಅಡ್ಡ ನಿಂತರು. ಮೊದಲ ಏಟು ಹೆಗಲಿಗೆ ಬಿತ್ತು, ಎರಡನೆಯದು ಪಕ್ಕೆಗೆ. ಒಣ ಕಟ್ಟಿಗೆ ಮುರಿದಂಥ ಸದ್ದು ನನಗೆ ಕೇಳಿಸಿತು. ಎತ್ತರದ ಮನುಷ್ಯ, ಒಂದೇ ಏಟಿಗೆ ಅವನನ್ನು ಕೆಡವಬಲ್ಲವರು, ಬಲಗೈಯನ್ನು ಎಡಗಂಕುಳಲ್ಲಿ ಒತ್ತಿಹಿಡಿದು ನಿಂತಿದ್ದಾರೆ! "ಹೊಡೀರಿ ಅವನಿಗೆ, ಹೊಡೀರಿ!" ಎಂದು ನಾನು ಕಿರುಚಿದೆ. ಅವರು ನನ್ನ ಕಡೆ ನೋಡಲಿಲ್ಲ. ಗುಲಾಬಿಯ ಕಡೆಗೆ ತಿರುಗಿ ಕೂಗಿದರು:

"ಒತ್ತವಾ! ಬಿಡಬ್ಯಾಡ, ಒತ್ಕೋಂತ ಇರು!"

ಅವಳು ಒತ್ತಿದಳು. ಗೋಡೆಗೆ ಬೆನ್ನು ಕೊಟ್ಟು, ಅಳುತ್ತ, ಒತ್ತುತ್ತಲೇ ಇದ್ದಳು. ರೆಂಚು ಇವರ ಮುಖಕ್ಕೆ ಬಿತ್ತು. ಬಲಗಣ್ಣಿದ್ದಲ್ಲಿ ರಕ್ತ ಮಾತ್ರ ಕಂಡಿತು. ಆಗಲೂ ಆ ಕೈ ಕಂಕುಳಿಂದ ಹೊರಗೆ ಬರಲಿಲ್ಲ. ನಾನು ಸುಮ್ಮನಿರುವ ಹೆಂಗಸಲ್ಲ, ದೊಡ್ಡ ಪಾತ್ರೆಯ ಮುಚ್ಚಳವೆತ್ತಿ ಅವನ ಬೆನ್ನಿಗೆ, ತಲೆಗೆ ಸಿಕ್ಕಿದಲ್ಲಿ ಬಡಿದೆ. ಅಡುಗೆಯವರು ಓಡಿಬಂದು ಅವನನ್ನು ನೆಲಕ್ಕೆ ಒತ್ತಿದರು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವರು ಕಣ್ಣಿನ ಬಗ್ಗೆ ಕೇಳಲಿಲ್ಲ. "ಬಂದೈತೇನ್ರಿ?" ಎಂದು ಕೇಳಿದರು. ಬಂದಿತ್ತು. ಕೆಲವು ಚಿತ್ರಗಳಲ್ಲಿ ಬರೀ ನೆಲ, ಕೆಲವುಗಳಲ್ಲಿ ಈರುಳ್ಳಿ, ಒಂದರಲ್ಲಿ ನನ್ನ ಸೆರಗಿನ ತುದಿ. ಒಂದರಲ್ಲಿ ಮಾತ್ರ ಎತ್ತಿದ ರೆಂಚು, ಅದನ್ನು ಹಿಡಿದವನ ಪೂರ್ತಿ ಮುಖ, ಅದರ ಕೆಳಗೆ ಕೈಕಟ್ಟಿ ನಿಂತ ಒಬ್ಬ ಮನುಷ್ಯ.

"ಒಂದು ಏಟಾದ್ರೂ ಕೊಡ್ಬಾರ್ದಿತ್ತಾ?" ನನಗೆ ಅಳು ತಡೆಯಲಾಗಲಿಲ್ಲ. "ಕಂಡಕಂಡವರಿಗೆಲ್ಲ ಹೊಡೀತಿದ್ರಿ, ಹೊಡೀಬೇಕಾದವನಿಗೆ ಹೊಡೀಲಿಲ್ಲ!"

"ನಾನೂ ಕೈ ಎತ್ತಿದ್ರ ಅದು ಇಬ್ಬರು ಗಂಡಸರ ಜಗಳದ ಫೋಟೋ ಆಗ್ತಿತ್ರಿ ಅಕ್ಕಾರ. ಈಗ ಅದು ಒಬ್ಬ ಹೊಡ್ಯಾಕತ್ತಿದ್ ಫೋಟೋ ಆಗೈತಿ." ನೋವಿನಲ್ಲೇ ನಕ್ಕರು. "ನೀವು ಫ್ರೇಮಿನ ಹೊರಗ ಹೊಡದ್ರಿ. ಪುಣ್ಯ."

ಪೊಲೀಸರು ಬಂದಾಗ ಗುಲಾಬಿ ಈ ಸಲ ನೆಲ ನೋಡಲಿಲ್ಲ. ಕ್ಯಾಮೆರಾ ಅವಳ ಕೈಯಲ್ಲೇ ಇತ್ತು. "ಇದು ನಾನು ತೆಗ್ದದ್ದು. ನನ್ನ ಕೆನ್ನೆಯೂ ಅವನೇ ಮುರ್ದದ್ದು, ಜಾರಿ ಬಿದ್ದದ್ದಲ್ಲ" ಎಂದು ತನಗೆ ಬರುವ ಹಿಂದಿಯಲ್ಲಿ ಹೇಳಿದಳು. ಗಂಡನಿಗೆ ಶಿಕ್ಷೆಯಾಯಿತು. ಅವಳು ಸೂರತ್‌ನಲ್ಲೇ ಉಳಿದಳು, ಈಗ ಭಾವನ ಅಡುಗೆಮನೆ ಅವಳದೇ ರಾಜ್ಯ.

ಫೋಟೋದವರು ಎಡಗಣ್ಣಿನಲ್ಲಿ ಕೆಲಸ ಕಲಿತರು. ಮದುವೆಗಳು ಕಡಿಮೆಯಾದವು, ಒಕ್ಕಣ್ಣಿನವರು ಮಂಟಪದಲ್ಲಿ ಬೇಡ ಎನ್ನುವ ಜನ ಇಲ್ಲಿಯೂ ಇದ್ದಾರೆ. ಅಂಥವರನ್ನು ಬಾಯಿತುಂಬ ಬೈಯುತ್ತಿದ್ದರು, ಆದರೆ ಕೈ ಮತ್ತೆ ಯಾರ ಮೇಲೂ ಏಳಲಿಲ್ಲ. ಸೂರತ್‌ಗೆ ಹೋದಾಗಲೆಲ್ಲ ಗುಲಾಬಿಯ ಎದುರು ಕೂತು ತೆಗೆಸಿಕೊಳ್ಳುವರು. "ನಿಂದು?" ಎಂದರೆ ಅವಳು ಬೇಡವೆಂದು ತಲೆಯಾಡಿಸುವಳು. ಅವರೂ ಒತ್ತಾಯಿಸಲಿಲ್ಲ.

ಕಳೆದ ಚಳಿಗಾಲದಲ್ಲಿ ಅಹಮದಾಬಾದಿನ ಸ್ಯಾಟಲೈಟ್‌ನಲ್ಲಿರುವ ತಮ್ಮ ತಂಗಿಯ ಮನೆಗೆ ಹೋಗಿದ್ದಾಗ ಎದೆನೋವು ಬಂದು ಹೋಗಿಬಿಟ್ಟರು. ದಿವಸದ ಊಟಕ್ಕೆ ನಾನೂ ನಮ್ಮವರೂ ಹೋದೆವು, ಸೂರತ್‌ನಿಂದ ಗುಲಾಬಿ ಬಂದಳು. ಕುರ್ಚಿಯ ಮೇಲಿಟ್ಟು ಹಾರ ಹಾಕಲು ಒಂದು ಚಿತ್ರ ಬೇಕಿತ್ತು. "ಮಾಮಾದು ಒಂದೂ ಸರಿ ಇಲ್ಲ ಆಂಟಿ, ಎಲ್ಲಾ ಶೇಕ್ ಆಗಿದೆ" ಎಂದಳು ತಂಗಿಯ ಮಗಳು, ಇಲ್ಲೇ ಬೆಳೆದ ಹುಡುಗಿ, ಕನ್ನಡವನ್ನು ತಡವರಿಸಿ ಆಡುವವಳು. ಹೌದು, ಎಲ್ಲ ಹೊಡೆಸಿಕೊಂಡವರು ತೆಗೆದವು. ಕೊನೆಗೆ ಗುಲಾಬಿ ಆರಿಸಿದ್ದು ಉಗ್ರಾಣದಲ್ಲಿ ತೆಗೆದ ಮೊದಲನೆಯದು. ಈರುಳ್ಳಿ ಕ್ರೇಟಿನ ಮೇಲೆ ಕೂತು, ಎರಡು ಕಣ್ಣಿನಲ್ಲೂ ನಗುತ್ತಿದ್ದಾರೆ, ಬಾಗಿಲ ಹೊಸ್ತಿಲಲ್ಲಿ ಒಂದು ನೆರಳು. ನೆರಳನ್ನು ಕತ್ತರಿಸೋಣ ಎಂದರು ತಂಗಿ. ಗುಲಾಬಿ ಒಪ್ಪಲಿಲ್ಲ.

ಊಟವಾದ ಮೇಲೆ ಅವಳು ಗೂಟಕ್ಕೆ ತೂಗುಹಾಕಿದ್ದ ಅವರ ಕ್ಯಾಮೆರಾ ಚೀಲ ತೆಗೆದುಕೊಂಡು ನನ್ನ ಹತ್ತಿರ ಬಂದಳು.

"ಅಕ್ಕ, ನಂದೊಂದು ತೆಗೀರಿ."

ತಂಗಿಯ ಮಗಳು ಕ್ಯಾಮೆರಾವನ್ನು ಚಾಲೂ ಮಾಡಿಕೊಟ್ಟಳು. ನಾನು ಕೈಗೆ ತೆಗೆದುಕೊಳ್ಳಲು ಹೋದರೆ ಗುಲಾಬಿ ಕೊಡಲಿಲ್ಲ. "ಮೊದ್ಲು ನೀವು ಕೂತ್ಕಣಿ" ಎಂದಳು. ಕೂತೆ. ಎದುರಿಗೆ ಆ ಕಪ್ಪು ಗಾಜು ಬಂದಾಗ ನನ್ನಂಥ ಬಾಯಿಬಡುಕಿಯ ಕೈಯೂ ಸೆರಗನ್ನು ಮುಖದ ಕಡೆಗೆ ಎಳೆಯಿತು. ಅವಳು ಒತ್ತಿದಳು. ಆಮೇಲೆ ಅವಳು ಕೂತಳು. ಬಲಗೆನ್ನೆಯ ಮೂಳೆ ಸೊಟ್ಟಗೆ ಕೂಡಿಕೊಂಡಿದೆ. ಆ ಕೆನ್ನೆಯನ್ನೇ ಬೆಳಕಿಗೆ ತಿರುಗಿಸಿದಳು. ನಾನು ಒತ್ತಿ, ಚಿತ್ರವನ್ನು ಅವಳ ಮುಂದೆ ಹಿಡಿದೆ.

"ಅಳಿಸ್ಲಾ?"

ಬಹಳ ಹೊತ್ತು ನೋಡಿದಳು.

"ಬೇಡ ಅಕ್ಕ," ಎಂದಳು. "ಇರ್ಲಿ."